ಕಾಸರಗೋಡಿನ ಪೋಷಕರ ಕಣ್ಣಲ್ಲಿ ಬೆಂದೂರಿನ ವಿಶೇಷ ಶಾಲೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಪೆರ್ಲದ ಕಡೆಯ ಕನ್ನಡಿಗರಿಗೆ ಮಂಗಳೂರು ಬೆಂದೂರಿನ ಸೈಂಟ್ ಆ್ಯಗ್ನೆಸ್ ವಿಶೇಷ ಶಾಲೆಯ ಹೆಸರು ಹೊಸತಲ್ಲ. ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವನ್ನು ಕರೆದುಕೊಂಡು ಮಂಗಳೂರಿನ ಆಸ್ಪತ್ರೆಗಳಿಗೆ ಅಲೆಯುವವರಿಗೆ ಯಾರಾದರೊಬ್ಬರು ಅದರ ದಾರಿ ಹೇಳಿಯೇ ಹೇಳುತ್ತಾರೆ. ನನ್ನ ಅಕ್ಕನ ಮಗನಿಗಾಗಿ ಅಲ್ಲಿಗೆ ಹೋಗಿ ಬಂದ ಅನುಭವದಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಶಾಲೆಯನ್ನು ಅಳೆಯುವ ಮೊದಲು ಅದು ಹುಟ್ಟಿದ ಕಾಲವನ್ನು ನೋಡಬೇಕು. ಇದನ್ನು ನಡೆಸುವ ಅಪೊಸ್ತಲಿಕ್ ಕಾರ್ಮೆಲ್ ಎಂಬ ಕ್ರೈಸ್ತ ಸನ್ಯಾಸಿನಿಯರ ಸಭೆಯ ಭಗಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಅವರ ಸೈಂಟ್ ಆ್ಯಗ್ನೆಸ್ ಮಹಿಳಾ ಕಾಲೇಜು ಆರಂಭವಾದದ್ದು 1921ರಲ್ಲಿ. ವಿಶೇಷ ಶಾಲೆ ತೆರೆದದ್ದು 1970ರಲ್ಲಿ, ಅಂದರೆ ಅವರು ಈ ಊರಿಗೆ ಬಂದು ಸರಿಯಾಗಿ ನೂರು ವರ್ಷಕ್ಕೆ. ಆಗ ಇಂತಹ ಮಕ್ಕಳ ಶಿಕ್ಷಣಕ್ಕೆಂದು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಇರಲಿಲ್ಲ, ಅದು ಬಂದದ್ದು 1984ರಲ್ಲಿ. ವಿಶೇಷ ಶಿಕ್ಷಕರ ತರಬೇತಿಗೆ ಕಟ್ಟುಪಾಡು ವಿಧಿಸಿದ ಪುನರ್ವಸತಿ ಪರಿಷತ್ತಿನ ಕಾಯ್ದೆ 1992ರದು, ಅಂಗವಿಕಲರ ಹಕ್ಕನ್ನು ಒಪ್ಪಿದ ಕಾಯ್ದೆ 1995ರದು. ಹೀಗೆ ಸರಕಾರದ ಚೌಕಟ್ಟು ಸಿದ್ಧವಾಗುವ ಎಷ್ಟೋ ಮೊದಲೇ ಪಾಠ ಹೇಳತೊಡಗಿದ ಶಾಲೆಯಿದು ಎಂಬುದೇ, ನನ್ನ ಅಭಿಪ್ರಾಯದಲ್ಲಿ, ಅದರ ಮುಖ್ಯ ಅರ್ಹತೆ.

ಕಲಿಸುವ ಕ್ರಮದ ಒಂದು ಉದಾಹರಣೆ ಕೊಡುತ್ತೇನೆ. ಅಂಗಿಯ ಗುಂಡಿ ಹಾಕುವುದನ್ನು ಕಲಿಸುವಾಗ ಶಿಕ್ಷಕಿ ಗುಂಡಿಯನ್ನು ಅರ್ಧದವರೆಗೆ ತಾವೇ ತೂತಿನೊಳಗೆ ತೂರಿಸಿ, ಉಳಿದರ್ಧವನ್ನು ಎಳೆಯುವ ಕೆಲಸವನ್ನಷ್ಟೇ ಹುಡುಗನಿಗೆ ಬಿಟ್ಟರು. ಅದು ಕೈಗೆ ಒಗ್ಗಿದ ಮೇಲೆ ಅದರ ಹಿಂದಿನ ಹಂತ. ಕೊನೆಯಿಂದ ಮೊದಲಿಗೆ ಸಾಗುವ ಈ ಕ್ರಮದಲ್ಲಿ ಮಗು ಪ್ರತಿ ಸಲವೂ ಕೆಲಸ ಮುಗಿಸಿದ ಸಂತೋಷವನ್ನು ಪಡೆಯುತ್ತದೆ. ಕಾನ್ವೆಂಟ್ ಎಂದರೆ ಇಂಗ್ಲಿಷ್ ಎಂದು ಅಕ್ಕ ಅಂಜಿದ್ದಳು. ಶಿಕ್ಷಕಿ ಆಡಿದ್ದು ತುಳು ಬೆರೆತ ಕನ್ನಡ. ಊರಿನ ಹತ್ತಿರದ ಕೇಂದ್ರವೊಂದರಲ್ಲಿ ಮಲಯಾಳದಲ್ಲಿ ಹೇಳಿದ ಸೂಚನೆ ತಿಳಿಯದೆ ಸುಮ್ಮನೆ ಕೂರುತ್ತಿದ್ದ ಹುಡುಗ ಇಲ್ಲಿ ಕರೆದರೆ ಓಗೊಟ್ಟ. ಮಾತೇ ತಡವಾಗಿ ಬರುವ ಮಗುವಿಗೆ ಮನೆಯಲ್ಲಿಲ್ಲದ ಭಾಷೆಯಲ್ಲಿ ಕಲಿಸಿ, ಕಲಿಯಲಿಲ್ಲವೆಂದು ಷರಾ ಬರೆಯುವುದು ಅನ್ಯಾಯ.

ಆದರೆ ದೂರವನ್ನು ಮರೆಯಲಾಗದು. ತಲಪಾಡಿ, ಹೊಸಂಗಡಿ, ಉಪ್ಪಳದವರು ಬಸ್ಸಿನಲ್ಲಿ ಹೋಗಿ ಬರಬಹುದು; ಪೆರ್ಲ, ಬೆಳ್ಳೂರಿನ ಮಗುವಿಗೆ ಆ ನಿತ್ಯದ ಪಯಣವೇ ಶಿಕ್ಷೆಯಾದೀತು. 2000ದವರೆಗೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ, ಮಕ್ಕಳ ವೈಕಲ್ಯಕ್ಕೆ ಅದೇ ಕಾರಣವೆಂಬ ದೂರಿರುವ ಎಣ್ಮಕಜೆಯಂತಹ ಪಂಚಾಯತುಗಳಲ್ಲಿ ಈಗ ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಬೆಂಬಲದ, ಇಂತಹ ಮಕ್ಕಳಿಗೆಂದೇ ಇರುವ ಬಡ್ಸ್ ಶಾಲೆಗಳಿವೆ. ತೀವ್ರ ತೊಂದರೆಯಿರುವ ಮಗುವಿಗೆ ಅವೇ ಲೇಸು. ಅಲ್ಲಿ ಕನ್ನಡ ಬಲ್ಲ ಶಿಕ್ಷಕರನ್ನು ಕೊಡಿರೆಂದು ಪಂಚಾಯತನ್ನು ಒತ್ತಾಯಿಸುವುದು ನಮ್ಮ ಕೆಲಸ.

ಬೆಂದೂರಿಗೇ ಹೋಗುವವರು ಒಂದು ವಿಷಯ ಗಮನಿಸಬೇಕು. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತುಚೀಟಿ ಮತ್ತು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ನಿರಾಮಯ ಆರೋಗ್ಯ ವಿಮೆ ಕೇಂದ್ರ ಸರಕಾರದವಾದ್ದರಿಂದ ಗಡಿ ದಾಟಿದರೂ ನಡೆಯುತ್ತವೆ. ಅಂಗವಿಕಲರಿಗೆ ಕೇರಳ ಕೊಡುವ ಪಿಂಚಣಿ ಹಾಗಲ್ಲ; ಶಾಲೆಯ ಸಲುವಾಗಿ ಮಂಗಳೂರಿಗೆ ಬಿಡಾರ ಬದಲಿಸುವವರು ರೇಷನ್ ಕಾರ್ಡಿನ ವಿಳಾಸ ಮುಟ್ಟುವ ಮೊದಲು ಪಂಚಾಯತಿನಲ್ಲಿ ವಿಚಾರಿಸಿಕೊಳ್ಳಲಿ.