ಟರ್ಬೊ ಕಾರಿನ ಆಯಿಲ್ ಹಬೆ: 1,200ರ ಡಬ್ಬಿ, ಬರೀ ಫಿಲ್ಟರ್, 6,200ರ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ಕಾರಿನಲ್ಲಿ ಈಗ ಇರುವುದು 6,200 ರೂಪಾಯಿಯ ಕ್ಯಾಚ್ ಕ್ಯಾನ್, ಅಂದರೆ ಎಂಜಿನ್‌ನ ಎಣ್ಣೆ ಹಬೆಯನ್ನು ಹಿಡಿದಿಡುವ ಡಬ್ಬಿ. ಅದನ್ನು ತೆಗೆಯುವ ಯೋಚನೆ ಇಲ್ಲ. ಅದಕ್ಕೂ ಮುಂಚೆ ದುಡ್ಡು ಉಳಿಸಲು ಹೋಗಿ ಎರಡು ಸಲ ಕೈ ಸುಟ್ಟುಕೊಂಡೆ.

ನನ್ನದು ಒಂದು ಲೀಟರಿನ ಟರ್ಬೊ ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್. 40,000 ಕಿಲೋಮೀಟರ್ ದಾಟಿದ ಮೇಲೆ ಯಾವುದೋ ಕೆಲಸಕ್ಕೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಭಾಗ) ಪೈಪ್ ಬಿಚ್ಚಿದ್ದರು. ಒಳಗೆ ಬೆರಳಾಡಿಸಿದರೆ ದೋಸೆ ಕಾವಲಿಗೆ ಸವರಿದ ಹಾಗೆ ಎಣ್ಣೆ. ಪಿಸ್ಟನ್ ರಿಂಗ್ ಸಂದಿಯಿಂದ ಸ್ವಲ್ಪ ಗ್ಯಾಸ್ ಕ್ರ್ಯಾಂಕ್‌ಕೇಸಿಗೆ, ಅಂದರೆ ಎಂಜಿನ್‌ನ ಕೆಳಭಾಗಕ್ಕೆ, ಇಳಿಯುವುದು ಎಲ್ಲ ಎಂಜಿನ್‌ನಲ್ಲೂ ಇದ್ದದ್ದೇ. ಅದು ಎಣ್ಣೆ ಹಬೆಯನ್ನು ಹೊತ್ತುಕೊಂಡು ಮತ್ತೆ ಇನ್‌ಟೇಕಿಗೆ, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ, ಬರುತ್ತದೆ. ಪೋರ್ಟ್ ಇಂಜೆಕ್ಷನ್ (ಪೆಟ್ರೋಲನ್ನು ವಾಲ್ವ್‌ಗಿಂತ ಮೊದಲೇ ಸಿಂಪಡಿಸುವುದು) ಆದರೆ ಪೆಟ್ರೋಲೇ ವಾಲ್ವ್ ಬೆನ್ನನ್ನು ತೊಳೆಯುತ್ತಿರುತ್ತದೆ. ನಮ್ಮದರಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ. ಎಣ್ಣೆ ವಾಲ್ವ್ ಮೇಲೆಯೇ ಸುಟ್ಟು ಕರಿ ಕಟ್ಟುತ್ತದೆ. ಪೋರ್ಟ್ ಇಂಜೆಕ್ಷನ್‌ನವರು ಇಷ್ಟು ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಆನ್‌ಲೈನ್‌ನಲ್ಲಿ 1,200ರ ಡಬ್ಬಿ ತರಿಸಿದೆ. ನೋಡಲು ಚೆಂದ, ನೀಲಿ ಬಣ್ಣ. ಜೊತೆಗೆ ಹೋಸ್, ಕ್ಲಿಪ್ ಎಲ್ಲ ಇತ್ತು. ಒಳಗೆ ಮಾತ್ರ ಏನೂ ಇಲ್ಲ, ಖಾಲಿ ತಂಬಿಗೆ. ಹಬೆಯಲ್ಲಿರುವ ಎಣ್ಣೆ ಹನಿಗಳು ತೀರಾ ಸಣ್ಣವು. ಜಾಲರಿಗೋ ತಡೆಗೋ ಬಡಿದು ಒಂದಕ್ಕೊಂದು ಕೂಡಿದರೆ ಮಾತ್ರ ಕೆಳಗೆ ಇಳಿಯುತ್ತವೆ. ಖಾಲಿ ಡಬ್ಬಿಯಲ್ಲಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟುಬಿಡುತ್ತವೆ. ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕೋಣ ಅಂತ ಹೊರಟಿದ್ದೆ. ಅದರ ಒಂದು ಎಳೆ ಟರ್ಬೊ ಒಳಗೆ ಹೋದರೆ ಮುಗಿಯಿತು ಅಂತ ಹೊಳೆದು ಸುಮ್ಮನಾದೆ.

ಆದರೆ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿದ್ದು ಡಬ್ಬಿ ಅಲ್ಲ, ಅದರ ಹೋಸ್.

ಟರ್ಬೊ ಎಂಜಿನ್‌ನಲ್ಲಿ ಈ ಗ್ಯಾಸಿಗೆ ಎರಡು ದಾರಿ. ಆಕ್ಸಿಲರೇಟರ್ ಬಿಟ್ಟಾಗ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪು) ಅದನ್ನು ಪಿಸಿವಿ ಅನ್ನುವ ಒಮ್ಮುಖ ವಾಲ್ವ್ ಮೂಲಕ ಎಳೆದುಕೊಳ್ಳುತ್ತದೆ. ಬೂಸ್ಟ್, ಅಂದರೆ ಟರ್ಬೊ ತುರುಕುವ ಗಾಳಿಯ ಒತ್ತಡ, ಏರಿದಾಗ ಆ ವಾಲ್ವ್ ಮುಚ್ಚುತ್ತದೆ. ಆಗ ಟರ್ಬೊ ಬಾಯಿಗೆ ಹೋಗುವ ಇನ್ನೊಂದು ಪೈಪೇ ಗತಿ. ನಾನು ಡಬ್ಬಿ ಕೂಡಿಸಿದ್ದು ಈ ಪೈಪಿನ ನಡುವೆ. ಪುಣೆಯಲ್ಲಿ ವಾಕಡ್‌ನಿಂದ ಹಿಂಜವಡಿ ಆಫೀಸಿಗೆ ಒಂದು ತಿಂಗಳು ಓಡಾಡಿದೆ, ಏನೂ ಆಗಲಿಲ್ಲ. ಆ ಟ್ರಾಫಿಕ್‌ನಲ್ಲಿ ಬೂಸ್ಟ್ ಎಲ್ಲಿ ಬರಬೇಕು?

ಮೇ ತಿಂಗಳಲ್ಲಿ ಧಾರವಾಡಕ್ಕೆ ಹೊರಟೆವು. ಮಧ್ಯಾಹ್ನದ ಬಿಸಿಲು, ಕಾರು ತುಂಬ ಜನ, ಎಸಿ. ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಏರುವಾಗ ಸುಟ್ಟ ಎಣ್ಣೆ ವಾಸನೆ. ಹಿಂದೆ ಕೂತಿದ್ದ ಅತ್ತೆಯವರು, 'ಯಾವುದೋ ಲಾರಿದು ಇರಬೇಕು' ಅಂದರು. ನನಗೂ ಹಾಗೇ ಇರಲಿ ಅನ್ನಿಸಿತ್ತು. ಘಾಟ್ ಇಳಿದು ಬಾನೆಟ್ ತೆಗೆದರೆ ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ನೋಡುವ ಕಡ್ಡಿ) ಒಂದು ಇಂಚು ಮೇಲೆದ್ದಿದೆ. ಹೆಡ್ ಕವರ್ ಅಂಚಿನಿಂದ ಎಣ್ಣೆ ಜಿನುಗಿ ಬಿಸಿ ಎಕ್ಸಾಸ್ಟ್ ಮೇಲೆ ಬೀಳುತ್ತಿದೆ. ಹೋಸ್ ಮಾತ್ರ ಒದ್ದೆಯಾದ ಹಪ್ಪಳದ ಹಾಗೆ ಮೆತ್ತಗಾಗಿ, ತಿರುವಿನಲ್ಲಿ ಚಪ್ಪಟೆಯಾಗಿ ಅಂಟಿಕೊಂಡಿತ್ತು.

ಪುಣೆ ಹತ್ತಿರದ ಭೋಸರಿಯಲ್ಲಿ ನನ್ನ ಮೆಕ್ಯಾನಿಕ್ ಇದ್ದಾನೆ, ಇಂಡಿ ಕಡೆಯವನು. ಫೋಟೊ ಕಳಿಸಿ ಫೋನ್ ಮಾಡಿದೆ. 'ಸರ್, ಅದು ನೀರಿನ ಪೈಪ್ ಐತ್ರಿ. ಆಯಿಲ್ ಹಬಿ ತಡ್ಯಾಂಗಿಲ್ಲ. ಕಂಪನಿ ಪೈಪ್ ಹಾಕ್ಕೊಂಡು ಸಾವಕಾಶ ಹೋಗ್ರಿ' ಅಂದ. ಪುಣ್ಯಕ್ಕೆ ಕಂಪನಿ ಪೈಪ್ ಡಿಕ್ಕಿಯಲ್ಲೇ ಇತ್ತು.

ಅವನು ಆಮೇಲೆ ಬಿಡಿಸಿ ಹೇಳಿದ. ಏರಿನಲ್ಲಿ ರಿಂಗ್ ದಾಟಿ ಬರುವ ಗ್ಯಾಸ್ ಜಾಸ್ತಿ. ಆಗಲೇ ಟರ್ಬೊ ಈ ಹೋಸನ್ನು ಜೋರಾಗಿ ಹೀರುತ್ತದೆ. ಎಣ್ಣೆಗೂ ಬಿಸಿಗೂ ಮೆತ್ತಗಾದ ಹೋಸ್ ಒಳಗೆ ಕುಸಿಯುತ್ತದೆ. ಹೊರಗೆ ಹೋಗಲು ದಾರಿ ಇಲ್ಲದೆ ಒತ್ತಡ ಪ್ಯಾಕಿಂಗ್ (ಗ್ಯಾಸ್ಕೆಟ್) ಮೇಲೆ ಬೀಳುತ್ತದೆ. ಹೆಡ್ ಕವರ್ ಪ್ಯಾಕಿಂಗ್ ಬದಲಿಸಲು 2,800 ಕೊಟ್ಟೆ. ಡಬ್ಬಿಯ 1,200 ಸೇರಿಸಿ 4,000. ಇನ್ನು 2,200 ಹಾಕಿದ್ದರೆ ಒಳ್ಳೆಯದೇ ಬರುತ್ತಿತ್ತು, ಅಲ್ವಾ?

ಬುದ್ಧಿ ಬರಲಿಲ್ಲ. ನಡುವೆ ಒಂದು ವಾರ ಡಬ್ಬಿಯೇ ಬೇಡ ಅಂತ ಪೈಪ್ ತುದಿಗೆ ಗ್ಯಾಸನ್ನು ಹೊರಗೆ ಬಿಡುವ 450ರ ಸಣ್ಣ ಬ್ರೀದರ್ ಫಿಲ್ಟರ್ ಹಾಕಿ, ಟರ್ಬೊ ಕಡೆಯ ಬಾಯಿಗೆ ಮುಚ್ಚಳ ಹಾಕಿದೆ. ಇನ್‌ಟೇಕಿಗೆ ಆ ದಾರಿಯಿಂದ ಒಂದು ಹನಿ ಹೋಗಲಿಲ್ಲ, ನಿಜ. ವಾಸನೆಯೆಲ್ಲ ಎಸಿ ಮೂಲಕ ಕಾರಿನೊಳಗೆ ಬಂತು. ಸಿಗ್ನಲ್‌ನಲ್ಲಿ ನಿಂತರೆ ಗ್ಯಾರೇಜಿನಲ್ಲಿ ಕೂತ ಹಾಗೆ. ಮೇಲಾಗಿ ಕ್ರ್ಯಾಂಕ್‌ಕೇಸ್ ಗ್ಯಾಸ್ ಹೊರಗೆ ಬಿಡಬಾರದು ಅಂತ ವಾಹನ ಮಾಲಿನ್ಯದ ಭಾರತ್ ಸ್ಟೇಜ್ ನಿಯಮದಲ್ಲೇ ಇದೆ. ಹೊಗೆ ತಪಾಸಣೆಯ ಪಿಯುಸಿಯವರು ಸೈಲೆನ್ಸರ್ ಮಾತ್ರ ನೋಡುತ್ತಾರೆ ಅನ್ನುವುದು ಬೇರೆ ಮಾತು.

ಕೊನೆಗೆ ಬಂದದ್ದು ಈಗಿನ ಡಬ್ಬಿ. 5,300 ಡಬ್ಬಿಗೆ, 900 ಪುಣೆಯ ನಾನಾ ಪೇಠ್ ಅನ್ನುವ ಬಡಾವಣೆಯಲ್ಲಿ ತಂದ ದಪ್ಪ ಆಯಿಲ್ ಹೋಸ್ ಮತ್ತು ಕ್ಲಿಪ್‌ಗೆ. ಒಳಗೆ ತಡೆ ಇದೆ, ಸ್ಟೀಲ್ ಜಾಲರಿ ಇದೆ, ಕೆಳಗೆ ನಲ್ಲಿ ಇದೆ. ಬಿಚ್ಚದೆ ಖಾಲಿ ಮಾಡಬಹುದು. ಅದೇ ಘಾಟ್ ನಾಲ್ಕು ಸಲ ಏರಿದ್ದೇನೆ. ಡಿಪ್‌ಸ್ಟಿಕ್ ಅಲ್ಲಾಡಿಲ್ಲ.

ಬೇಸಿಗೆಯಲ್ಲಿ 1,500 ಕಿಲೋಮೀಟರಿಗೆ ಮೂರು ಚಮಚ ಕರಿ ಎಣ್ಣೆ ಸಿಕ್ಕಿತು. ಜುಲೈಯಲ್ಲಿ ಅರ್ಧ ಲೋಟ, ಹಾಲು ಹಾಕಿದ ಕಾಫಿ ಬಣ್ಣದ್ದು. ಎಂಜಿನ್ ಒಳಗಿನ ಹೆಡ್ ಪ್ಯಾಕಿಂಗ್ ಹೋಗಿ ಕೂಲಂಟ್ ಎಣ್ಣೆಗೆ ಸೇರಿತು ಅಂತ ಹೆದರಿದ್ದೆ. ಕೂಲಂಟ್ ಮಟ್ಟ ಇಳಿದಿರಲಿಲ್ಲ. ಮಳೆಗಾಲದ ತೇವ, ಸಣ್ಣ ಓಡಾಟ, ಎಂಜಿನ್ ಪೂರ್ತಿ ಬಿಸಿಯಾಗದೆ ನೀರು ಎಣ್ಣೆ ಕಲೆತದ್ದು ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕೊಮ್ಮೆ ನಲ್ಲಿ ತಿರುಗಿಸುತ್ತೇನೆ.

ಪಿಸಿವಿ ಕಡೆಯ ದಾರಿ ಹಾಗೇ ಬಿಟ್ಟಿದ್ದೇನೆ. ಅದಕ್ಕೆ ಇನ್ನೊಂದು ಡಬ್ಬಿ ಬೇಕು, ಸದ್ಯಕ್ಕೆ ಬಜೆಟ್ ಇಲ್ಲ. ಹಾಗಾಗಿ ವಾಲ್ವ್ ಕನ್ನಡಿ ಹಾಗೆ ಇರುತ್ತದೆ ಅಂತ ಹೇಳಲಾರೆ. ವಾರಂಟಿ ಉಳಿದಿರುವವರು ಸರ್ವಿಸ್‌ಗೆ ಬಿಡುವ ಮುಂಚೆ ಕಂಪನಿ ಪೈಪ್ ಮತ್ತೆ ಹಾಕುವ ಗೋಜು ಬೇಕೋ ಬೇಡವೋ ಯೋಚಿಸಿ. ಬರೀ ಊರೊಳಗೆ ಓಡಿಸುವವರಾದರೆ ನಾನು ಹೇಳುವುದು, ಏನೂ ಹಾಕಬೇಡಿ, ಆಯಿಲ್ ಬೇಗ ಬದಲಿಸಿ. ನನಗೆ ತಿಂಗಳಿಗೊಮ್ಮೆ ಧಾರವಾಡ ಇದ್ದೇ ಇದೆ.

ನೀಲಿ ಡಬ್ಬಿ ಬಾಲ್ಕನಿಯಲ್ಲಿ ಬಿದ್ದಿದೆ. ಬೇಕಾದವರು ಒಯ್ಯಿರಿ, ದುಡ್ಡು ಬೇಡ. ಹೋಸ್ ಮಾತ್ರ ಕೊಡುವುದಿಲ್ಲ.