ಏವಿಯಾರ್, ಜಡ್ಜ್, ಬರ್ಗ್: ಕೊಪ್ಪಳದ ಗಾಳಿಯಲ್ಲಿ ಮೂರು ಪಟರ್‌ಗಳು

ಡಿಸ್ಕ್ ಗಾಲ್ಫ್ ಆಡುವವರು ಪಟರ್, ಅಂದರೆ ಹತ್ತಿರದಿಂದ ಬುಟ್ಟಿಗೆ ಹಾಕಲು ಬಳಸುವ ಡಿಸ್ಕ್, ಕೊಳ್ಳುವಾಗ ಸಾಮಾನ್ಯವಾಗಿ ಕೇಳುವುದು ಯಾವ ಡಿಸ್ಕ್ ಹೆಚ್ಚು ಸಲ ಬುಟ್ಟಿಗೆ ಬೀಳುತ್ತದೆ ಎಂದು. ಏವಿಯಾರ್, ಜಡ್ಜ್, ಬರ್ಗ್ ಎಂಬ ಮೂರು ಪಟರ್‌ಗಳನ್ನು ಕೊಪ್ಪಳದ ಬಯಲಿನಲ್ಲಿ ಬೇಸಿಗೆಯಿಂದ ಆಷಾಢದವರೆಗೆ ಒಂದರ ಪಕ್ಕ ಒಂದಿಟ್ಟು ಎಸೆದು ನೋಡಿದ ಮೇಲೆ ನಾನು ಕೇಳುವ ಪ್ರಶ್ನೆ ಬದಲಾಗಿದೆ: ಗುರಿ ತಪ್ಪಿದಾಗ ಈ ಡಿಸ್ಕ್ ಎಲ್ಲಿ ಹೋಗಿ ನಿಲ್ಲುತ್ತದೆ? ಹತ್ತಿರದ ಪಟ್‌ಗಳಲ್ಲಿ ಮೂರೂ ಒಂದೇ ತೆರನಾಗಿ ಸರಪಳಿಗೆ ಹೋಗಿ ಬೀಳುತ್ತವೆ. ತಪ್ಪಿದ ಎಸೆತದಲ್ಲಿ ಮಾತ್ರ ಅವುಗಳ ಗುಣ ಬೇರೆ ಬೇರೆಯಾಗಿ ಕಾಣುತ್ತದೆ, ಮತ್ತು ಎಸೆಯುವವರ ಧೈರ್ಯ ನಿಲ್ಲುವುದೂ ಕುಸಿಯುವುದೂ ಆ ತಪ್ಪಿದ ಎಸೆತದ ಮೇಲೆಯೇ.

ಆಟವನ್ನು ಅರಿಯದವರಿಗಾಗಿ ಸ್ವಲ್ಪ ವಿವರಣೆ ಅಗತ್ಯ. ಕಂಬಕ್ಕೆ ಅಳವಡಿಸಿದ ಬುಟ್ಟಿಯೊಳಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಡಿಸ್ಕ್ ಹಾಕುವುದು ಈ ಆಟ. ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿಗಳು ಡಿಸ್ಕಿನ ವೇಗವನ್ನು ಹೀರಿಕೊಂಡು ಅದನ್ನು ಒಳಕ್ಕೆ ಬೀಳಿಸುತ್ತವೆ. ಈ ಸರಪಳಿ ಬುಟ್ಟಿಯನ್ನು ರೂಪಿಸಿದ ಅಮೆರಿಕದ ಎಡ್ ಹೆಡ್ರಿಕ್ ಅವರೇ 1976ರಲ್ಲಿ ಪಿಡಿಜಿಎ ಎಂಬ ವೃತ್ತಿಪರ ಆಟಗಾರರ ಸಂಸ್ಥೆಯನ್ನು ಆರಂಭಿಸಿದರು. ಬುಟ್ಟಿಯಿಂದ 10 ಮೀಟರ್ ಒಳಗಿನ ಎಸೆತ ಪಟ್ ಎನಿಸಿಕೊಳ್ಳುತ್ತದೆ. ಅಲ್ಲಿ ಎಸೆದವರು ಮುಂದಕ್ಕೆ ಮುಗ್ಗರಿಸದೆ, ನಿಂತ ಜಾಗದ ಹಿಂದೆ ಸಮತೋಲನ ತೋರಿಸಿದ ನಂತರವೇ ಬುಟ್ಟಿಯ ಕಡೆಗೆ ಹೆಜ್ಜೆ ಇಡಬೇಕು. ಪ್ರತಿ ಡಿಸ್ಕಿಗೂ ವೇಗ, ಗ್ಲೈಡ್, ಟರ್ನ್, ಫೇಡ್ ಎಂಬ ನಾಲ್ಕು ಅಂಕಿಗಳಿರುತ್ತವೆ. ಪಟರ್‌ನಲ್ಲಿ ನಾನು ಮೊದಲು ನೋಡುವುದು ಗ್ಲೈಡ್, ಅಂದರೆ ಡಿಸ್ಕ್ ಗಾಳಿಯಲ್ಲಿ ತೇಲುತ್ತ ಮುಂದುವರಿಯುವ ಶಕ್ತಿ. ನಂತರ ಫೇಡ್, ಅಂದರೆ ವೇಗ ಕಡಿಮೆಯಾದಾಗ ಬಲಗೈಯವರ ಸಾಮಾನ್ಯ ಪಟ್ ಎಡಕ್ಕೆ ವಾಲುವ ಪ್ರಮಾಣ.

ನಮ್ಮ ಬುಟ್ಟಿಯನ್ನು ಮಾಡಿಕೊಟ್ಟವರು ಊರಿನ ಒಬ್ಬ ವೆಲ್ಡರ್. ಅವರ ನಿತ್ಯದ ಕೆಲಸ ಕಿಟಕಿ ಗ್ರಿಲ್ ಮತ್ತು ಗೇಟು. ಸರಪಳಿಗಳು ಹಾರ್ಡ್‌ವೇರ್ ಅಂಗಡಿಯಿಂದ ತಂದವು, ದನ ಕಟ್ಟಲು ಒಯ್ಯುವಂಥವು. ಮೊದಲ ಎಸೆತವನ್ನು ನೋಡಿದ ಕೂಡಲೇ ಅವರು, "ಸರ, ಸರಪಳಿ ಇನ್ನೊಂದೀಟು ಸಡ್ಲ ಬಿಡೂನ್ರಿ, ಬಿಗಿ ಇದ್ರ ತಾಟು ಹೊಳ್ಳಿ ಸಿಡೀತೈತ್ರಿ" ಎಂದು ಹೇಳಿ, ಕೆಳಗಿನ ರಿಂಗನ್ನು ಬಿಚ್ಚಿ ಎರಡು ಕೊಂಡಿಯಷ್ಟು ಇಳಿಬಿಟ್ಟರು. ಅವರು ಹೇಳಿದ್ದು ಅಕ್ಷರಶಃ ನಿಜ. ಸರಪಳಿ ಬಿಗಿಯಾಗಿದ್ದರೆ ಗುರಿಗೆ ಸರಿಯಾಗಿ ಬಂದ ಡಿಸ್ಕ್ ಕೂಡ ಪುಟಿದು ಹೊರಬೀಳುತ್ತದೆ. ಹಾಗಿರುವಾಗ ಯಾವ ಪಟರ್ ಅನ್ನೂ ನ್ಯಾಯವಾಗಿ ಪರೀಕ್ಷಿಸಲಾಗದು. ಬುಟ್ಟಿ ನಿಂತಿರುವ ನೆಲ ಗರಸು ಮಣ್ಣಿನದು, ಸಣ್ಣ ಇಳಿಜಾರಿನದು. ಹುಲ್ಲಿನ ಮೇಲೆ ಬಿದ್ದಲ್ಲಿಯೇ ಮಲಗುವ ಡಿಸ್ಕ್ ಇಲ್ಲಿ ಅಂಚಿನ ಮೇಲೆ ಬಿದ್ದರೆ ಗಾಲಿಯಂತೆ ಉರುಳಿಕೊಂಡು ಹೋಗುತ್ತದೆ.

ಇನ್ನೋವಾ ಕಂಪನಿಯ ಏವಿಯಾರ್ 1980ರ ದಶಕದಿಂದ ಬಳಕೆಯಲ್ಲಿರುವ ಪಟರ್. ಅದರ ಅಂಕಿಗಳು 2, 3, 0, 1. ನಾನು ಬಳಸಿದ್ದು ಡಿಎಕ್ಸ್ ಪ್ಲಾಸ್ಟಿಕ್‌ನಲ್ಲಿ ಬರುವ ಪಟ್ ಮತ್ತು ಅಪ್ರೋಚ್ (ದೂರದಿಂದ ಬುಟ್ಟಿಯ ಸಮೀಪಕ್ಕೆ ತಲುಪಿಸುವ ಎಸೆತ) ಮಾದರಿ, ಅಂಚಿನ ಅಡಿಯಲ್ಲಿ ಬೀಡ್ ಇಲ್ಲದ್ದು. ಬೀಡ್ ಎಂದರೆ ಅಂಚಿನ ಕೆಳತುದಿಯಲ್ಲಿ ಸುತ್ತಲೂ ಉಬ್ಬಿರುವ ಸಣ್ಣ ಎಳೆ. ಅದು ಇಲ್ಲದ ಕಾರಣ ಏವಿಯಾರ್ ಬೆರಳಿನಿಂದ ಯಾವ ತಡೆಯೂ ಇಲ್ಲದೆ ಬಿಡುಗಡೆಯಾಗುತ್ತದೆ. ಡೈನಮಿಕ್ ಡಿಸ್ಕ್ಸ್ ಕಂಪನಿಯ ಜಡ್ಜ್‌ನ ಅಂಕಿಗಳು 2, 4, 0, 1. ಇದಕ್ಕೆ ಸಣ್ಣ ಬೀಡ್ ಇದೆ. ಬೆರಳು ಪ್ರತಿ ಸಲವೂ ಅದೇ ಜಾಗಕ್ಕೆ ಹೋಗಿ ಕೂರುವುದರಿಂದ ಹಿಡಿತ ಒಂದೇ ರೀತಿ ಇರುತ್ತದೆ, ಮತ್ತು ಕೈಯಲ್ಲಿ ಹಿಡಿದ ಸುಖಕ್ಕೆ ಮಾತ್ರ ಅಂಕ ಕೊಡುವುದಾದರೆ ನಾನು ಜಡ್ಜ್‌ಗೇ ಕೊಡುತ್ತೇನೆ. ಸ್ವೀಡನ್ನಿನ ಕಾಸ್ಟಾಪ್ಲಾಸ್ಟ್ ಕಂಪನಿಯ ಬರ್ಗ್‌ನ ಅಂಕಿಗಳು 1, 1, 0, 2. ಅದರ ಮೇಲ್ಮೈಯಲ್ಲಿ, ಅಂಚಿನ ಬಳಿ, ಹೆಬ್ಬೆರಳು ಊರಲು ತಗ್ಗಾದ ಒಂದು ಪಟ್ಟಿ ಇದೆ. ಅಂಚು ದಪ್ಪ, ಸಣ್ಣ ಕೈಯವರಿಗೆ ಒಗ್ಗಲು ಸಮಯ ಬೇಕಾಗುತ್ತದೆ.

ಗಾಳಿ ಇಲ್ಲದ ಮುಂಜಾನೆಗಳಲ್ಲಿ ಜಡ್ಜ್‌ಗೆ ಎದುರಿಲ್ಲ. 8 ಅಥವಾ 9 ಮೀಟರ್‌ನಿಂದ ಸ್ವಲ್ಪವೇ ಶಕ್ತಿ ಹಾಕಿದರೂ ಅದು ನೇರವಾಗಿ ತೇಲಿ ಸರಪಳಿಯ ನಡುವೆ ಸೇರುತ್ತದೆ. ಏವಿಯಾರ್‌ಗೆ ಅಷ್ಟೇ ದೂರದಿಂದ ತುಸು ಹೆಚ್ಚು ಒತ್ತು ಬೇಕು. ಬರ್ಗ್ ಅನ್ನು ಆ ದೂರದಿಂದ ಕೇವಲ ಕೈಯಿಂದ ಎಸೆಯಲು ನನಗೆ ಆಗುವುದಿಲ್ಲ. ಮೊಣಕಾಲು ಮಡಿಸಿ, ದೇಹದ ಭಾರವನ್ನು ಹಿಂದಿನಿಂದ ಮುಂದಿನ ಕಾಲಿಗೆ ತಂದು ತಳ್ಳಬೇಕಾಗುತ್ತದೆ. ಹಾಗೆ ತಳ್ಳಿದಾಗಲೂ ಅನೇಕ ಸಲ ಅದು ಬುಟ್ಟಿಯ ಹೊರಮೈಗೆ ಬಡಿದು ಕೆಳಗೆ ಬೀಳುತ್ತದೆ.

ಜೂನ್ ತಿಂಗಳಲ್ಲಿ ಪಡುವಣ ಗಾಳಿ ಆರಂಭವಾದ ಮೇಲೆ ಈ ಲೆಕ್ಕವೆಲ್ಲ ತಿರುವು ಪಡೆಯಿತು. ನಮ್ಮ ಜಿಲ್ಲೆಯಲ್ಲಿ ಯಲಬುರ್ಗಾ, ಕುಷ್ಟಗಿ ಕಡೆ ಗಾಳಿಯಂತ್ರಗಳ ಸಾಲುಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಎದುರುಗಾಳಿಯಲ್ಲಿ ಡಿಸ್ಕಿನ ಮೇಲೆ ಹರಿಯುವ ಗಾಳಿಯ ವೇಗ ಹೆಚ್ಚಾಗಿ ಅದನ್ನು ಎತ್ತುವ ಬಲವೂ ಹೆಚ್ಚುತ್ತದೆ. ಮುಂಚೂಣಿಯ ಅಂಚು ಒಂದಿಷ್ಟು ಮೇಲಕ್ಕೆದ್ದಿದ್ದರೂ ಸಾಕು, ಡಿಸ್ಕ್ ಬುಟ್ಟಿಯ ಮೇಲಿನ ಪಟ್ಟಿಯನ್ನೂ ದಾಟಿ ಏರುತ್ತದೆ. ಹಿಂದಿನಿಂದ ಬೀಸುವ ಗಾಳಿಯಲ್ಲಿ ಇದೇ ಕಾರಣ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡಿ, ಡಿಸ್ಕ್ ಬೇಗನೆ ಕುಸಿಯುತ್ತದೆ. ಮುಂಜಾನೆ ಜಡ್ಜ್‌ಗೆ ಅಷ್ಟು ನೆರವಾಗುತ್ತಿದ್ದ ಗ್ಲೈಡ್, ಎದುರುಗಾಳಿಯಲ್ಲಿ ಅದನ್ನು ಮೇಲೆತ್ತಿ, ಬುಟ್ಟಿಯ ಆಚೆಗೆ ಏಳೆಂಟು ಮೀಟರ್ ಒಯ್ದು, ಒಮ್ಮೊಮ್ಮೆ ಅಂಚಿನ ಮೇಲೆ ಇಳಿಸಿ ಇಳಿಜಾರಿನ ಕಡೆ ಉರುಳಿಸಿತು. ಏವಿಯಾರ್ ಕೂಡ ಮೇಲೇಳುತ್ತದೆ, ಆದರೆ ತಪ್ಪಿದಾಗ ನಾಲ್ಕೈದು ಮೀಟರ್‌ನೊಳಗೆ ನೆಲ ಮುಟ್ಟುತ್ತದೆ. ಬರ್ಗ್ ಮಾತ್ರ ಗಾಳಿಗೆ ಹೆಚ್ಚು ಸೊಪ್ಪು ಹಾಕುವುದಿಲ್ಲ. ತಪ್ಪಿದ ಬರ್ಗ್ ಬಹುತೇಕ ಕಂಬದ ಬುಡದಲ್ಲಿಯೇ ಬಿದ್ದಿರುತ್ತದೆ, ಎರಡು ಹೆಜ್ಜೆ ನಡೆದು ಹಾಕಿಬಿಡಬಹುದು.

ಇಷ್ಟನ್ನು ಓದಿದವರು ಬರ್ಗ್ ಗೆದ್ದಿತೆಂದು ಭಾವಿಸಬಹುದು. ಆದರೆ ನನ್ನ ತೀರ್ಮಾನ ಹಾಗಿಲ್ಲ. ಪ್ರತಿಯೊಬ್ಬ ಆಟಗಾರನಿಗೂ ಒಂದು ಖಾತರಿಯ ದೂರ ಇರುತ್ತದೆ. ಆ ದೂರದಿಂದ, ಯಾರು ನೋಡುತ್ತಿದ್ದರೂ, ಗಾಳಿ ಬೀಸುತ್ತಿದ್ದರೂ, ಪಟ್ ಬಹುತೇಕ ತಪ್ಪುವುದಿಲ್ಲ. ನನ್ನದು 5 ಮೀಟರ್. ತಪ್ಪಿದ ಡಿಸ್ಕ್ ಈ 5 ಮೀಟರ್‌ಗಳ ಒಳಗೆ ನಿಂತರೆ ಮರುಪಟ್‌ನ ಭಯವಿಲ್ಲ, ಭಯವಿಲ್ಲದಿದ್ದರೆ ಮೊದಲ ಪಟ್‌ನಲ್ಲಿ ಕೈ ಹಿಂಜರಿಯುವುದಿಲ್ಲ. ಏವಿಯಾರ್‌ನ ತಪ್ಪುಗಳು ಈ ಮಿತಿಯೊಳಗೆ ಬರುತ್ತವೆ ಮತ್ತು 9 ಮೀಟರ್‌ನಿಂದ ಅದು ಸರಪಳಿಯವರೆಗೆ ತಲುಪುತ್ತದೆ. ಬರ್ಗ್‌ನ ತಪ್ಪುಗಳು ಇನ್ನೂ ಹತ್ತಿರ ಬೀಳುತ್ತವೆ ನಿಜ, ಆದರೆ ತಲುಪದೆ ಬಿದ್ದ ಪಟ್‌ಗೆ ಒಳಗೆ ಬೀಳುವ ಅವಕಾಶವೇ ಇರುವುದಿಲ್ಲ. ಜಡ್ಜ್‌ನ ತಪ್ಪುಗಳು ನನ್ನ ಮಿತಿಯನ್ನು ದಾಟುತ್ತವೆ. ಆದ್ದರಿಂದ ನನ್ನ ಚೀಲದಲ್ಲಿ ಪಟ್ ಮಾಡಲು ಉಳಿದಿರುವುದು ಏವಿಯಾರ್. ಬರ್ಗ್ ಅನ್ನು 20 ರಿಂದ 40 ಮೀಟರ್‌ಗಳ ಅಪ್ರೋಚ್‌ಗೆ ಇಟ್ಟುಕೊಂಡಿದ್ದೇನೆ, ಎಸೆದ ಜಾಗದಲ್ಲಿಯೇ ಕೂರುವ ಅದರ ಸ್ವಭಾವ ಅಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಜೊತೆಯಲ್ಲಿ ಆಡುವ ನನ್ನ ಅಕ್ಕನ ಮಗನ ಆಯ್ಕೆ ಜಡ್ಜ್, ಮತ್ತು ಅವನಿಗೆ ಅದು ಸರಿಯಾದದ್ದೇ. ಅವನು ಮಣಿಕಟ್ಟನ್ನು ತಿರುಗಿಸಿ ಹೆಚ್ಚು ಸ್ಪಿನ್ ಕೊಟ್ಟು ನೇರವಾಗಿ ಎಸೆಯುತ್ತಾನೆ. ಸ್ಪಿನ್ ಹೆಚ್ಚಿದ್ದಷ್ಟೂ ಡಿಸ್ಕ್ ಗಾಳಿಯಲ್ಲಿ ಓಲಾಡುವುದು ಕಡಿಮೆ. ಅವನ ಖಾತರಿಯ ದೂರ 7 ಮೀಟರ್‌ಗಿಂತ ಹೆಚ್ಚು. ನಾನು ಡಿಸ್ಕನ್ನು ಕಮಾನಿನಂತೆ ಮೇಲೆತ್ತಿ ತಳ್ಳುವವನು. ನನ್ನ ಡಿಸ್ಕ್ ಗಾಳಿಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಗಾಳಿಯ ಕೈಗೆ ಹೆಚ್ಚು ಸಿಗುತ್ತದೆ.

ಹಾಗಾದರೆ ಧೈರ್ಯ ಬೆಳೆಸುವುದೆಂದರೆ ಈ ಖಾತರಿಯ ದೂರವನ್ನು ನಿಧಾನವಾಗಿ ಹಿಂದಕ್ಕೆ ಸರಿಸುವುದು. ಇದಕ್ಕೆ ನನಗೆ ಅತ್ಯಂತ ಪ್ರಯೋಜನಕಾರಿಯಾದದ್ದು ಜೈಲಿ ಎಂಬ ಅಭ್ಯಾಸದ ಆಟ. 10 ಮೀಟರ್‌ನಿಂದ ಐದು ಡಿಸ್ಕ್ ಎಸೆಯಬೇಕು. ಐದೂ ಬಿದ್ದರೆ ಮುಂದಿನ ಸುತ್ತೂ 10 ಮೀಟರ್‌ನಿಂದ, ನಾಲ್ಕು ಬಿದ್ದರೆ 9ರಿಂದ, ಮೂರಾದರೆ 8ರಿಂದ, ಹೀಗೆ ಇಳಿಯುತ್ತ ಒಂದೂ ಬೀಳದಿದ್ದರೆ 5ರಿಂದ. ಬಿದ್ದ ಡಿಸ್ಕ್‌ಗಳ ಸಂಖ್ಯೆಯನ್ನು ದೂರದಿಂದ ಗುಣಿಸಿದರೆ ಆ ಸುತ್ತಿನ ಅಂಕ; ಒಟ್ಟು 20 ಸುತ್ತು, ಗರಿಷ್ಠ 1000 ಅಂಕ. ಇದರ ಚೆಲುವು ಇರುವುದು ಸೋತವನನ್ನು ಅದು ಹತ್ತಿರಕ್ಕೆ ಕರೆತರುವುದರಲ್ಲಿ: ತಪ್ಪಿದ ಬೆನ್ನಿಗೇ ಕೈಗೆಟಕುವ ಪಟ್ ಸಿಗುತ್ತದೆ, ನಾಲ್ಕೈದು ಸಲ ಸರಪಳಿಯ ಸದ್ದು ಕೇಳಿದ ಮೇಲೆ ಮತ್ತೆ ಹಿಂದಕ್ಕೆ ಹೋಗುವ ಹಕ್ಕು ದೊರೆಯುತ್ತದೆ. ಪ್ರತಿ ಪಟ್‌ಗೂ ಒಂದೇ ಕ್ರಮ ಇಟ್ಟುಕೊಳ್ಳುವುದೂ ಅಷ್ಟೇ ಮುಖ್ಯ. ನಾನು ಕಾಲು ಊರಿ, ಅಂಚಿನ ಧೂಳನ್ನು ಟವೆಲಿನಿಂದ ಒರೆಸಿ, ಇಡೀ ಬುಟ್ಟಿಯನ್ನು ನೋಡದೆ ಸರಪಳಿಯ ಒಂದೇ ಒಂದು ಕೊಂಡಿಯ ಮೇಲೆ ಕಣ್ಣಿಟ್ಟು, ಒಂದು ಉಸಿರು ಬಿಟ್ಟು ಎಸೆಯುತ್ತೇನೆ. ಗಾಳಿ ಜೋರಾದಾಗ ಈ ಕ್ರಮವನ್ನು ಅವಸರಿಸುವ ಆಸೆ ಬರುತ್ತದೆ, ಅದನ್ನು ತಡೆಯಲೇಬೇಕು.

ಆಕ್ಸಿಯಮ್ ಕಂಪನಿಯ ಎನ್ವಿ ಎಂಬ ಪಟರ್ ಬಗ್ಗೆ ಅನೇಕರು ಕೇಳುತ್ತಾರೆ. 2021ರ ವಿಶ್ವ ಚಾಂಪಿಯನ್‌ಶಿಪ್‌ನ 18ನೇ ಗುರಿಯಲ್ಲಿ ಜೇಮ್ಸ್ ಕಾನ್ರಾಡ್ ಸುಮಾರು 75 ಮೀಟರ್‌ನಿಂದ ಎನ್ವಿಯನ್ನು ಎಸೆದು ನೇರವಾಗಿ ಬುಟ್ಟಿಗೆ ಹಾಕಿ, ಪಾಲ್ ಮೆಕ್‌ಬೆತ್ ಅವರೊಂದಿಗೆ ಸಮಬಲ ಸಾಧಿಸಿ, ಪ್ಲೇಆಫ್‌ನಲ್ಲಿ ಪ್ರಶಸ್ತಿ ಗೆದ್ದರು. ಅದು ಅದ್ಭುತವಾದ ಅಪ್ರೋಚ್ ಎಸೆತ; 7 ಮೀಟರ್‌ನ ಪಟ್‌ಗೆ ಡಿಸ್ಕ್ ಆಯ್ದುಕೊಳ್ಳಲು ಅದು ಆಧಾರವಾಗಲಾರದು.

ಕೊಳ್ಳುವವರು ತೂಕವನ್ನು ಗಮನಿಸಬೇಕು. ನಿಯಮದ ಪ್ರಕಾರ ವ್ಯಾಸದ ಪ್ರತಿ ಸೆಂಟಿಮೀಟರ್‌ಗೆ 8.3 ಗ್ರಾಂ ಗರಿಷ್ಠ ಮಿತಿ ಇರುವುದರಿಂದ ಈ ಅಳತೆಯ ಪಟರ್‌ಗಳು 175 ಗ್ರಾಂ ಆಸುಪಾಸಿನವರೆಗೆ ಸಿಗುತ್ತವೆ, ಮತ್ತು ನಮ್ಮ ಗಾಳಿಗೆ 170 ಗ್ರಾಂಗಿಂತ ಕಡಿಮೆಯದು ಬೇಡ. ಮೆತ್ತಗಿನ ಪ್ಲಾಸ್ಟಿಕ್ ಕೈಗೆ ಹಿತವಾದರೂ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಬೈಕಿನ ಪೆಟ್ಟಿಗೆಯೊಳಗೆ ಉಳಿದರೆ ಬಾಗುತ್ತದೆ. ಗಟ್ಟಿ ಅಥವಾ ಮಧ್ಯಮ ಗಡಸಿನದನ್ನೇ ತರಿಸಿಕೊಳ್ಳುವುದು ಒಳ್ಳೆಯದು. ಮೊದಲು ಒಂದನ್ನು ಮಾತ್ರ ತರಿಸಿ, ಗಾಳಿ ಇರುವ ಸಂಜೆಗಳಲ್ಲಿ ಎಸೆದು, ತಪ್ಪಿದ ಪ್ರತಿ ಎಸೆತ ಬುಟ್ಟಿಯಿಂದ ಎಷ್ಟು ಹೆಜ್ಜೆ ದೂರ ನಿಂತಿತೆಂದು ಅಳೆಯಿರಿ. ಆ ದೂರ ನಿಮ್ಮ ಖಾತರಿಯ ದೂರದೊಳಗೆ ಬಂದರೆ, ಅದೇ ಪ್ಲಾಸ್ಟಿಕ್‌ನ, ಅದೇ ತೂಕದ ಇನ್ನು ನಾಲ್ಕನ್ನು ತರಿಸಿಕೊಂಡು ಜೈಲಿ ಆರಂಭಿಸಬಹುದು.