ಸೂರ್ಯನ ಕುದುರೆ, ಜಿಗಿಜೇಡ, ಕಡ್ಡಿ ಹುಳು: ಕೈಗೆ ಯಾವುದು ಒಗ್ಗುತ್ತದೆ?

ಅಂಗೈ ಮೇಲೆ ಅಲುಗಾಡದೆ ಕೂತರೆ ಹುಳ ಪಳಗಿತು ಅಂದುಕೊಳ್ಳುವವರೇ ಹೆಚ್ಚು. ಕಡ್ಡಿ ಹುಳುವಿನ ಮಟ್ಟಿಗೆ ಇದು ಪೂರ್ತಿ ಉಲ್ಟಾ: ಹೆದರಿದಾಗಲೇ ಅದು ಕಾಲು ಚಾಚಿ, ಸೆಟೆದು, ಸತ್ತಂತೆ ಬೀಳುವುದು. ಹಾಗಾಗಿ ಮೊದಲು ಒಂದು ಪರೀಕ್ಷೆ. ಮೆತ್ತನೆಯ ಬ್ರಷ್‌ನಿಂದ ಹಿಂಗಾಲನ್ನು ಅರ್ಧ ನಿಮಿಷಕ್ಕೊಮ್ಮೆ ಸೋಕಿಸಿ. ಕೆಲವು ಸಲದ ಮೇಲೆ ಬೆಚ್ಚುವುದು ನಿಂತರೆ ಮೆಲ್ಲಗೆ ಊದಿ. ಊದಿದ್ದಕ್ಕೆ ಬೆಚ್ಚಿದರೆ ಬ್ರಷ್‌ಗೆ ಒಗ್ಗಿದೆ ಎಂದರ್ಥ. ಅದಕ್ಕೂ ಸುಮ್ಮನಿದ್ದರೆ ದಣಿದಿರಬೇಕು, ಇಲ್ಲವೇ ಸತ್ತಂತೆ ನಟಿಸುತ್ತಿರಬೇಕು. ಮರುದಿನದ ಮೊದಲ ಸ್ಪರ್ಶಕ್ಕೇ ಬೆಚ್ಚುವುದು ತಗ್ಗಿದ್ದರೆ ಮಾತ್ರ ರೂಢಿ ಉಳಿದಿದೆ ಅನ್ನಬಹುದು. ಪ್ರೀತಿಯ ಮಾತು ಬೇರೆ, ಅದನ್ನು ಇಲ್ಲಿ ಹುಡುಕಬೇಡಿ.

ನಮ್ಮ ಮೊದಲ ಆಯ್ಕೆ ಸೂರ್ಯನ ಕುದುರೆ, ಅದರಲ್ಲೂ ಹೆಣ್ಣು. ಮೇಲಿನಿಂದ ಕೈ ಚಾಚಿದರೆ ಅದರ ಪಾಲಿಗೆ ನೀವು ಹಕ್ಕಿ; ಮುಂಗಾಲೆತ್ತಿ ಹೆದರಿಸುತ್ತದೆ. ಅಂಗೈಯನ್ನು ಅದರ ಮುಂದೆ, ತುಸು ಎತ್ತರದಲ್ಲಿಟ್ಟು ಹಿಂದಿನಿಂದ ಬ್ರಷ್ ತಾಗಿಸಿ. ಎತ್ತರಕ್ಕೆ ಹತ್ತುವುದು ಅದರ ಸ್ವಭಾವ, ತಾನಾಗಿ ಏರುತ್ತದೆ. ದಿನ ಬಿಟ್ಟು ದಿನ ಐದು ನಿಮಿಷ ಸಾಕು. ನೆಲದಲ್ಲಿ ಕೌದಿ ಹಾಸಿ ಕೂಡಿ, ಫ್ಯಾನ್ ಆರಿಸಿ. ರೆಕ್ಕೆ ಬಂದ ಗಂಡು ಹಾರಿಬಿಡುತ್ತದೆ. ಮುಂಗಾಲಿನ ಮುಳ್ಳು ಚುಚ್ಚಬಹುದು, ವಿಷವಿಲ್ಲ.

ಕೆಡುವುದೆಲ್ಲ ಪೊರೆ ಬಿಡುವಾಗ. ಊಟ ಬಿಟ್ಟರೆ ಮುಟ್ಟುವುದನ್ನೂ ಬಿಡಿ. ತಲೆಕೆಳಗಾಗಿ ನೇತಾಡಲು ಡಬ್ಬಿಯ ಎತ್ತರ ಮೈಯುದ್ದದ ಮೂರು ಪಟ್ಟಾದರೂ ಇರಲಿ. ಏಪ್ರಿಲ್‌ನ ಗದಗಿನ ಒಣಹವೆಯಲ್ಲಿ ಪೊರೆ ಅಂಟಿ ಕಾಲು ಸೊಟ್ಟಗಾಗುತ್ತದೆ. ಡಬ್ಬಿಯ ಗೋಡೆಗೆ ನೀರು ಚಿಮುಕಿಸಿ. ಪೊರೆ ಕಳಚಿದ ಮೇಲೆ ಮೈ ಗಟ್ಟಿಯಾಗಲು ಕನಿಷ್ಠ ಎರಡು ದಿನ ಬಿಡಿ.

ಜಿಗಿಜೇಡ ಹೆಚ್ಚು ಚುರುಕು. ಮುಂದಿನ ಎರಡು ದೊಡ್ಡ ಕಣ್ಣು ಬೆರಳನ್ನು ಚೆನ್ನಾಗಿ ಗುರುತಿಸುತ್ತವೆ, ಆದ್ದರಿಂದ ಬೆರಳು ನಿಧಾನವಾಗಿ ಎದುರಿನಿಂದಲೇ ಬರಲಿ. ಜಿಗಿಯುವ ಮುನ್ನ ನೂಲು ಅಂಟಿಸುತ್ತದೆ. ಕೈಯಿಂದ ಹಾರಿದರೆ ಗಾಬರಿಯಲ್ಲಿ ಹಿಡಿಯಬೇಡಿ, ನೂಲಿಗೇ ನೇತಾಡುತ್ತಿರುತ್ತದೆ. ದಪ್ಪ ಬಲೆಯ ಗೂಡು ಹೆಣೆದು ಒಳಗೆ ಕೂತರೆ ಪೊರೆಯ ಹೊತ್ತು, ಗೂಡನ್ನು ಬಿಚ್ಚಕೂಡದು. ತಪ್ಪಿಸಿಕೊಳ್ಳುವುದರಲ್ಲಿ ಇದು ಕುದುರೆಗಿಂತ ಮುಂದೆ, ಅದಕ್ಕೇ ಎರಡನೇ ಸ್ಥಾನ.

ಕಡ್ಡಿ ಹುಳುವನ್ನು ಎಳೆದರೆ ಕಾಲೇ ಕಳಚುತ್ತದೆ. ಮರಿಗೆ ಮುಂದಿನ ಪೊರೆಗಳಲ್ಲಿ ಮತ್ತೆ ಮೂಡೀತು, ದೊಡ್ಡದಕ್ಕೆ ಮೂಡುವುದಿಲ್ಲ. ರೆಂಬೆ ಸಮೇತ ಎತ್ತಿ.

ಹಾವೇರಿ ಕಡೆ ರೇಷ್ಮೆ ಹುಳು ಸಿಗುತ್ತದೆ, ಮಕ್ಕಳಿಗೆ ಅದೇ ಸಲೀಸು. ಆದರೆ ಅದರ ಸಾಧುತನ ನಿಮ್ಮ ಕೈಯ ಸಾಧನೆಯಲ್ಲ, ಸಾವಿರಾರು ವರ್ಷ ಆರಿಸಿ ಬೆಳೆಸಿದ ತಳಿಯ ಗುಣ. ತಂಬಾಕು ತಿಕ್ಕಿದ ಕೈಯಿಂದ ಮಾತ್ರ ಮುಟ್ಟಬೇಡಿ, ನಿಕೋಟಿನ್‌ಗೆ ಸಾಯುತ್ತದೆ.

ಟರಾಂಟುಲಾ ಎಂಬ ರೋಮದ ದೊಡ್ಡ ಜೇಡ ಕೈಗೆ ಬೇಡವೇ ಬೇಡ. ಮೊಣಕಾಲೆತ್ತರದಿಂದ ಬಿದ್ದರೂ ಹೊಟ್ಟೆ ಒಡೆಯಬಹುದು. ಘಟ್ಟದ ಮರದ ಪೊಟರೆಗಳಲ್ಲಿರುವ ಪೊಸಿಲೋಥೀರಿಯಾ ಎಂಬ ಟರಾಂಟುಲಾ ಕಚ್ಚಿದರೆ ಸ್ನಾಯು ಸೆಳೆತ ಕೆಟ್ಟದಾಗಿರುತ್ತದೆ. 2019ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟೀಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿಯಂತ್ರಣವಿದೆ, ಕಾಡಿನಿಂದ ತರಬೇಡಿ. ಸಾಕಿದ ಬೇರೆ ಟರಾಂಟುಲಾವನ್ನು ಡಬ್ಬಿ ಬದಲಿಸುವಾಗ ಮೇಲೆ ಪಾರದರ್ಶಕ ಲೋಟ ಕವುಚಿ, ಕೆಳಗೆ ರಟ್ಟು ತೂರಿಸಿ ಎತ್ತಿ.